ಡಾಕ್ಯುಮೆಂಟರಿ ಥಿಯೇಟರ್: ‘ಸಾಕ್ಷ್ಯನಾಟಕ’ವೇ, ‘ದಾಖಲೆ ನಾಟಕ’ವೇ?

ಮಾನ್ಯರೇ,

ಯುದ್ಧದ ನಡುವೆ ಜನ ಏನನ್ನು ಬೇಯಿಸಿದರು, ಏನನ್ನು ಉಂಡರು, ದಿನವನ್ನು ಹೇಗೆ ದೂಡಿದರು ಎಂಬುದನ್ನೇ ವಸ್ತುವಾಗಿಸಿಕೊಂಡ ರಂಗಪ್ರಯೋಗಗಳ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ನಿಜ ಘಟನೆಗಳ ದಾಖಲೆ, ಹೇಳಿಕೆಗಳನ್ನು ಆಧರಿಸಿ ಕಟ್ಟುವ ಡಾಕ್ಯುಮೆಂಟರಿ ಥಿಯೇಟರ್ ಎಂಬುದಕ್ಕೆ ಅಲ್ಲಿ ಯಾವ ಕನ್ನಡ ಪದವನ್ನು ಬಳಸಬೇಕೆಂಬ ವಿಷಯದಲ್ಲಿ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಸಿನಿಮಾದ ಮಟ್ಟಿಗೆ ‘ಸಾಕ್ಷ್ಯಚಿತ್ರ’ ಚೆನ್ನಾಗಿ ಬೇರೂರಿರುವುದರಿಂದ ಅದೇ ಜಾಡಿನಲ್ಲಿ ‘ಸಾಕ್ಷ್ಯನಾಟಕ’ ಎನ್ನಬಹುದು. ‘ದಾಖಲೆ ನಾಟಕ’ ಎಂದರೂ ಅರ್ಥವಾಗುತ್ತದೆ. ಆದರೆ ಈ ಎರಡು ಪದಗಳ ವ್ಯಾಪ್ತಿ ಒಂದೇ ಅಲ್ಲವೆಂದು ನನಗೆ ತೋರುತ್ತದೆ.

ಫ್ರಾಂಕ್‌ಫರ್ಟ್‌ನಲ್ಲಿ 1963ರಿಂದ 1965ರವರೆಗೆ ನಡೆದ, ನಾಜಿಗಳ ಆಷ್‌ವಿಟ್ಸ್ ಸಾವಿನ ಶಿಬಿರದ ಸಿಬ್ಬಂದಿಯ ವಿಚಾರಣೆಯ ಹೇಳಿಕೆಗಳನ್ನು ಆಧರಿಸಿ ಜರ್ಮನ್ ಭಾಷೆಯ ನಾಟಕಕಾರ ಪೀಟರ್ ವೈಸ್ ರಚಿಸಿದ ನಾಟಕವನ್ನು ‘ಸಾಕ್ಷ್ಯನಾಟಕ’ವೆಂದು ಕರೆಯಲು ಯಾವ ಅಡ್ಡಿಯೂ ಇಲ್ಲ, ಏಕೆಂದರೆ ಅಲ್ಲಿ ನ್ಯಾಯಾಲಯವಿದೆ, ಸಾಕ್ಷಿಗಳಿದ್ದಾರೆ. ಪ್ಯಾಲೆಸ್ತೀನಿನ ನಾಟಕಕಾರ ಅಮೀರ್ ನಿಜಾರ್ ಝುವಾಬಿ ಬರೆದು ನಿರ್ದೇಶಿಸಿದ ‘ಓ ಮೈ ಸ್ವೀಟ್ ಲ್ಯಾಂಡ್’ನ ಸಂಗತಿ ಬೇರೆ. ನಟಿ ಕೊರಿನ್ ಜಾಬರ್ ಅವರೊಡನೆ ಸಿರಿಯಾದ ನಿರಾಶ್ರಿತರನ್ನು ಕಂಡು, ಅವರ ಕಥೆಗಳನ್ನು ಕೇಳಿ ಕಟ್ಟಿದ ಏಕವ್ಯಕ್ತಿ ಪ್ರಯೋಗವಿದು. ರಂಗದ ಮೇಲೆ ಹೆಂಗಸೊಬ್ಬಳು ಗೋಧಿನುಚ್ಚು ಮತ್ತು ಕೊಚ್ಚಿದ ಮಾಂಸ ಸೇರಿಸಿ ಕಿಬ್ಬೆ ಎಂಬ ತಿನಿಸನ್ನು ನಿಜವಾಗಿಯೇ ಮಾಡುತ್ತಾ ಆ ಕಥೆಗಳನ್ನು ಹೇಳುತ್ತಾಳೆ. 2014ರಲ್ಲಿ ಲಂಡನ್ನಿನ ಯಂಗ್ ವಿಕ್ ರಂಗಮಂದಿರದಲ್ಲಿ ನಡೆದ ಈ ಪ್ರಯೋಗವನ್ನು 2017ರಲ್ಲಿ ನ್ಯೂಯಾರ್ಕ್‌ನ ಮನೆಗಳ ಅಡುಗೆಕೋಣೆಗಳಿಗೇ ಒಯ್ಯಲಾಯಿತು. (ಹೀಗೆ ಕೆಲವೇ ಪ್ರೇಕ್ಷಕರ ನಡುವೆ, ಹತ್ತಿರದಲ್ಲಿ ಆಡುವ ಬಗೆಗೆ ನಮ್ಮಲ್ಲಿ ಈಗಾಗಲೇ ಚಾಲ್ತಿಯಲ್ಲಿರುವ ‘ಆಪ್ತ ರಂಗಭೂಮಿ’ ಎಂಬ ಪದ ಸಾಕು.) ಇಲ್ಲಿ ಹೇಳುವವಳ ಪಾತ್ರ ಕಲ್ಪಿತವಾದದ್ದು, ಕಥೆಗಳು ಮಾತ್ರ ಬದುಕಿ ಬಂದವರಿಂದ ಪಡೆದವು. ಕಡತವಾಗಲಿ ಕಾಗದಪತ್ರವಾಗಲಿ ಇಲ್ಲದಿರುವುದರಿಂದ ‘ದಾಖಲೆ’ ಹೊಂದುವುದಿಲ್ಲ. ‘ಸಾಕ್ಷ್ಯ’ವೆಂದರೆ ಯಾರದೋ ಮುಂದೆ ಪ್ರಮಾಣ ಮಾಡಿ ನುಡಿದಂತಾಗುತ್ತದೆಯೇ ಹೊರತು, ಈರುಳ್ಳಿ ಬಾಡಿಸುತ್ತಾ ಮನೆಯವರೊಡನೆ ಹೇಳಿಕೊಳ್ಳುವ ಮಾತಿನ ಧಾಟಿ ಅದರಲ್ಲಿ ಬರುವುದಿಲ್ಲ.

ಇಂತಹ ಪ್ರಯೋಗಗಳಿಗೆ ‘ಕಂಡುಂಡ ನಾಟಕ’ ಎಂದರೆ ಹೇಗೆ? ‘ಕಂಡುಂಡ ಅನುಭವ’ ಎಂಬ ಬಳಕೆ ವಿಮರ್ಶೆಯ ಬರಹಗಳಲ್ಲಿ ಸಾಕಷ್ಟಿದೆ. ಕನ್ನಡದಲ್ಲಿ ಅನ್ನವನ್ನೂ ಉಣ್ಣುತ್ತೇವೆ, ನೋವನ್ನೂ ಉಣ್ಣುತ್ತೇವೆ. ಕಷ್ಟದಲ್ಲಿ ಹಾದುಬಂದವರನ್ನು ‘ನೊಂದು ಬೆಂದವರು’ ಎನ್ನುತ್ತೇವೆ. ಊಟದ ಮೂಲಕ ಸಂಕಟವನ್ನು ಹೇಳುವ ಪ್ರಕಾರಕ್ಕೆ ಇಷ್ಟು ಹತ್ತಿರದ ಮಾತು ನುಡಿಯೊಳಗೇ ಇರುವಾಗ ಹೊಸದಾಗಿ ಸಂಸ್ಕೃತ ಸಮಾಸವನ್ನು ಟಂಕಿಸುವುದು ನನಗೆ ಒಪ್ಪಿಗೆಯಲ್ಲ. ಆದರೂ ಒಂದು ಅಳುಕಿದೆ: ಓದುಗರು ಇದನ್ನು ಲೇಖಕರ ಸ್ವಂತ ಅನುಭವವೆಂದು ತಿಳಿಯಬಹುದು, ಆದರೆ ಇಲ್ಲಿ ಕಂಡುಂಡವರು ಬೇರೆ, ಆಡುವವರು ಬೇರೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಡಕೂ ಇದೆ. ಸಿರಿಯಾದ ಯುದ್ಧದಲ್ಲಿ ಡಮಾಸ್ಕಸ್ ಬಳಿಯ ಮದಾಯಾ ಊರನ್ನು ಪಡೆಗಳು ಸುತ್ತುವರಿದಾಗ ಅಲ್ಲಿನ ಜನ 2015–16ರ ಚಳಿಗಾಲದಲ್ಲಿ ಹೊರಗಿನಿಂದ ಆಹಾರ ಬಾರದೆ ಸೊಪ್ಪುಸದೆಗಳನ್ನು ನೀರಿನಲ್ಲಿ ಕುದಿಸಿ ಕುಡಿಯಬೇಕಾಯಿತು. ಆ ಸ್ಥಿತಿಗೆ ‘ಮುತ್ತಿಗೆ’ ಎಂದು ಬರೆದರೆ, 1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಓದಿದವರಿಗೆ ಕೋಟೆಯೂ ಫಿರಂಗಿಯೂ ನೆನಪಾಗುತ್ತವೆ. ಇಂದಿನ ಪತ್ರಿಕೆ ಓದುವವರಿಗೆ ಜಿಲ್ಲಾಧಿಕಾರಿ ಕಚೇರಿಯ ಮುಂದಿನ ಪ್ರತಿಭಟನೆ ನೆನಪಾಗುತ್ತದೆ. ‘ದಿಗ್ಬಂಧನ’ ಎಂದರೆ ದೇಶಗಳು ಹೇರುವ ಆರ್ಥಿಕ ನಿರ್ಬಂಧವೆಂಬ ಅರ್ಥ ಮುಂದಾಗುತ್ತದೆ. ಜನರನ್ನು ಊರೊಳಗೇ ಕೂಡಿಹಾಕಿ ಹಸಿವಿಗೆ ನೂಕುವ ಕ್ರಿಯೆ ಈ ಎರಡರಲ್ಲಿಯೂ ಮಸುಕಾಗುತ್ತದೆ. ‘ಅನ್ನನೀರು ತಡೆದ ಮುತ್ತಿಗೆ’ ಎಂದು ಬಿಡಿಸಿ ಬರೆಯುವುದೇ ಸದ್ಯಕ್ಕೆ ಸರಿಯೆನಿಸಿದೆ, ಆದರೆ ರಂಗದ ಮೇಲೆ ಮತ್ತೆ ಮತ್ತೆ ಆಡಬೇಕಾದ ಮಾತಿಗೆ ಅದು ಉದ್ದವಾಯಿತು.

ಹಳಗನ್ನಡ ಕಾವ್ಯಗಳಲ್ಲಿ ಅಥವಾ ಶಾಸನಗಳಲ್ಲಿ ಊರಿಗೆ ಧಾನ್ಯ ಹೋಗದಂತೆ ತಡೆಯುವುದನ್ನು ಹೇಳುವ ಪ್ರತ್ಯೇಕ ಪದವನ್ನು ಯಾರಾದರೂ ಕಂಡಿದ್ದರೆ ಸಾಲುಸಹಿತ ತಿಳಿಸಬೇಕೆಂದು ಕೋರುತ್ತೇನೆ. ‘ಕಂಡುಂಡ ನಾಟಕ’ದ ಬಗ್ಗೆ ರಂಗಭೂಮಿಯಲ್ಲಿ ದುಡಿಯುತ್ತಿರುವವರ ಆಕ್ಷೇಪಗಳಿದ್ದರೆ ಅವನ್ನೂ ತಿಳಿಯಲು ಬಯಸುತ್ತೇನೆ.