ಯೋಗ, ಪಿಲಾಟೀಸ್ ಎರಡನ್ನೂ ಸೇರಿಸಿ ಮನೆಯಲ್ಲೇ ಶುರು ಮಾಡುವುದು ಹೇಗೆ? ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 38 ವರ್ಷ. ದಿನವಿಡೀ ಕೂತು ಮಾಡುವ ಕೆಲಸ. ಸಂಜೆ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಡಾಕ್ಟರ್ ಪರೀಕ್ಷೆ ಮಾಡಿ, ಗಾಬರಿಪಡುವಂಥದ್ದು ಏನೂ ಇಲ್ಲ, ವ್ಯಾಯಾಮ ಮಾಡಿ ಅಂದಿದ್ದಾರೆ. ನನಗೆ ವ್ಯಾಯಾಮದ ಅಭ್ಯಾಸವೇ ಇಲ್ಲ. ಒಬ್ಬರು ಯೋಗ ಅನ್ನುತ್ತಾರೆ, ಇನ್ನೊಬ್ಬರು ಪಿಲಾಟೀಸ್ ಅನ್ನುತ್ತಾರೆ. ಎರಡೂ ಸೇರಿಸಿದ ವಿಡಿಯೋ ಹಾಕಿಕೊಂಡು ಪ್ರಯತ್ನಪಟ್ಟೆ. ಅದರಲ್ಲಿ ಒಂದು ಭಂಗಿ ಅರ್ಥ ಆಗುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಎರಡನ್ನೂ ಒಟ್ಟಿಗೆ ಮಾಡಬಹುದಾ? ಮಾಡಬಹುದಾದರೆ ಯಾವ ಕ್ರಮದಲ್ಲಿ?

ಉತ್ತರ: ಖಂಡಿತ ಮಾಡಬಹುದು. ನಾನು ಎರಡನ್ನೂ ಕಲಿಸುತ್ತೇನೆ, ಹೊಸಬರಿಗೆ ಈ ಜೋಡಿ ಚೆನ್ನಾಗಿ ಹೊಂದುತ್ತದೆ. ಆದರೆ ನಾಲ್ಕು ಆಸನ, ನಾಲ್ಕು ಪಿಲಾಟೀಸ್ ಚಲನೆ ಆರಿಸಿ ಸುಮ್ನೆ ಒಂದರ ಹಿಂದೆ ಒಂದು ಮಾಡಿದರೆ ಅಷ್ಟೇನೂ ಉಪಯೋಗವಿಲ್ಲ. ಯಾವುದಾದ ಮೇಲೆ ಯಾವುದು ಅನ್ನುವುದೇ ಇಲ್ಲಿ ಮುಖ್ಯ.

ಆಸನದಲ್ಲಿ ನಾವು ಒಂದು ಭಂಗಿಗೆ ಹೋಗಿ ಅಲ್ಲಿ ಉಳಿಯುತ್ತೇವೆ. ಪಿಲಾಟೀಸ್‌ನಲ್ಲಿ ಬಹಳಷ್ಟು ಸಲ ನಡುವನ್ನು ಅಲುಗಾಡದಂತೆ ಇಟ್ಟುಕೊಂಡು ಕೈಕಾಲು ಆಡಿಸುತ್ತೇವೆ, ಅದನ್ನೇ ಮತ್ತೆ ಮತ್ತೆ ಮಾಡುತ್ತೇವೆ. ದಿನವಿಡೀ ಕೂತಿರುವವರು ನೇರವಾಗಿ ಮುಂದೆ ಬಗ್ಗುವ ಆಸನಕ್ಕೆ ಹೋದರೆ ಏನಾಗುತ್ತದೆ ಗೊತ್ತಾ? ತೊಡೆಯ ಹಿಂಭಾಗ ಬಿಗಿಯಾಗಿರುತ್ತದೆ, ತೊಡೆಸಂದಿನಿಂದ ಬಗ್ಗಲು ಆಗುವುದಿಲ್ಲ. ಆಗ ಕೆಳಬೆನ್ನು ಗೂನಾಗಿ, ಬಗ್ಗುವ ಕೆಲಸವನ್ನೆಲ್ಲಾ ತಾನೇ ಮಾಡುತ್ತದೆ. ಮೊದಲೇ ನೋಯುತ್ತಿದ್ದ ಜಾಗಕ್ಕೇ ಮತ್ತೆ ಹೊರೆ. ಅದಕ್ಕೇ ನನ್ನ ಕ್ರಮ ಹೀಗೆ: ಮೊದಲು ಮಲಗಿಕೊಂಡು ಪಿಲಾಟೀಸ್, ಆಮೇಲೆ ಮಂಡಿ ಮತ್ತು ಅಂಗೈ ಊರಿ, ಆಮೇಲೆ ನಿಂತು ಮಾಡುವ ಆಸನ, ಕೊನೆಗೆ ಶವಾಸನ. ಮಲಗಿದ್ದಾಗ ನೆಲವೇ ಬೆನ್ನಿಗೆ ಆಧಾರ ಕೊಡುತ್ತದೆ. ಅಲ್ಲಿ ಕಲಿತ ಹಿಡಿತವನ್ನು ನಿಂತಾಗ ಬಳಸಬೇಕು.

ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ ಊರಿ. ಸೊಂಟವನ್ನು ನೆಲಕ್ಕೆ ಒತ್ತಿ, ಮತ್ತೆ ಸ್ವಲ್ಪ ಎತ್ತಿ. ಹೀಗೆ ನಾಲ್ಕೈದು ಸಲ ಮಾಡಿ, ಎರಡರ ನಡುವಿನ ಜಾಗದಲ್ಲಿ ನಿಲ್ಲಿಸಿ. ಸೊಂಟದ ಕೆಳಗೆ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಇದನ್ನೇ ನ್ಯೂಟ್ರಲ್ ಅನ್ನುತ್ತೇವೆ. ಈಗ ಟೋ ಟ್ಯಾಪ್: ಒಂದು ಕಾಲನ್ನು ಮಂಡಿ ಮಡಚಿದಂತೆಯೇ ಎತ್ತಿ, ತೊಡೆ ನೇರ ಮೇಲಕ್ಕೆ ನಿಂತಾಗ ಒಂದು ಕ್ಷಣ ತಡೆದು, ಮೆಲ್ಲಗೆ ಇಳಿಸಿ. ಕಾಲು ಬದಲಿಸುತ್ತಾ ಪ್ರತಿ ಬದಿಗೆ 6ರಿಂದ 8 ಸಲ. ಕಾಲು ಎತ್ತುವಾಗ, ಇಳಿಸುವಾಗ ಆ ಸಂದು ಹೆಚ್ಚಾಗಬಾರದು, ಕಮ್ಮಿಯೂ ಆಗಬಾರದು. ನೋಡಲು ಬಹಳ ಸಣ್ಣ ವ್ಯಾಯಾಮ. ನಿಮ್ಮಂಥ ಬೆನ್ನಿಗೆ ಶುರುವಿನಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ನಂಬುವುದು ಇದನ್ನೇ.

ಆಮೇಲೆ ಬ್ರಿಡ್ಜ್. ಯೋಗ, ಪಿಲಾಟೀಸ್ ಎರಡೂ ನಿಜವಾಗಿ ಕೂಡುವುದು ಇಲ್ಲಿ. ಪಿಲಾಟೀಸ್ ರೀತಿಯಲ್ಲಿ ಮೊದಲು ಸೊಂಟವನ್ನು ನೆಲಕ್ಕೆ ಒತ್ತಿ, ಬೆನ್ನುಮೂಳೆಯನ್ನು ಒಂದೊಂದೇ ಎಲುಬಾಗಿ ನೆಲದಿಂದ ಬಿಡಿಸುತ್ತಾ ಮೇಲೇಳಿ. ಇಳಿಯುವಾಗಲೂ ಹಾಗೇ, ಮೊದಲು ಎದೆಯ ಹಿಂಭಾಗ, ಕೊನೆಗೆ ಸೊಂಟ. ಇದು 5 ಸಲ. ಆರನೇ ಸಲ ಮೇಲೇರಿದಾಗ ಇಳಿಯಬೇಡಿ. ಅಲ್ಲೇ ಸೇತುಬಂಧಾಸನವಾಗಿ 5 ಉಸಿರು ನಿಲ್ಲಿ, ಭುಜ ಹಿಂದಕ್ಕೆ, ಎದೆ ಅಗಲವಾಗಿ. ಚಲಿಸುವಾಗ ಬೆನ್ನಿನ ಬಿಗಿ ಬಿಡುತ್ತದೆ, ನಿಂತಾಗ ಪೃಷ್ಠದ ಸ್ನಾಯು ಗಟ್ಟಿಯಾಗುತ್ತದೆ. ತೊಡೆಯ ಹಿಂದೆ ಸೆಳೆತ ಬಂದರೆ ಪಾದ ದೂರ ಇದೆ ಅಂತ ಲೆಕ್ಕ. ಹತ್ತಿರ ತಂದು ಹಿಮ್ಮಡಿಯಿಂದ ಒತ್ತಿ.

ಮುಂದೆ ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತಿ ಇಳಿಸುವುದು, ಪ್ರತಿ ಬದಿಗೆ 8. ನಂತರ ಮಂಡಿ, ಅಂಗೈ ಊರಿ, ಬೆಕ್ಕಿನ ಹಾಗೆ ಬೆನ್ನನ್ನು ಮೇಲಕ್ಕೆ ಬಾಗಿಸಿ ಮತ್ತೆ ಕೆಳಕ್ಕೆ ಇಳಿಸುವ ಮಾರ್ಜರಿಯಾಸನ, 5 ಸುತ್ತು. ಅದೇ ಭಂಗಿಯಲ್ಲಿ ಒಂದು ಬದಿಯ ಕೈ ಮತ್ತು ಇನ್ನೊಂದು ಬದಿಯ ಕಾಲು ಚಾಚುವ ಬರ್ಡ್ ಡಾಗ್. ಹೊಟ್ಟೆಯ ಮೇಲೆ ಮಲಗಿ, ಕೈಗೆ ಭಾರ ಹಾಕದೆ ಬೆನ್ನಿನ ಬಲದಿಂದಲೇ ಸ್ವಲ್ಪ ಏಳುವ ಭುಜಂಗಾಸನ, 4 ಸಲ. ಈಗ ನಿಂತುಕೊಳ್ಳಿ. ಕಾಲು ಅಗಲಿಸಿ, ಮುಂದಿನ ಮಂಡಿ ಮಡಚಿ, ಕೈಗಳನ್ನು ಎರಡೂ ಬದಿಗೆ ಚಾಚುವ ವೀರಭದ್ರಾಸನದ ಎರಡನೇ ರೂಪ ಮತ್ತು ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನ, ಎರಡೂ ಬದಿ 5 ಉಸಿರು. ಕೊನೆಗೆ ಹಿಮ್ಮಡಿಯ ಮೇಲೆ ಕೂತು ಮುಂದಕ್ಕೆ ಬಾಗುವ ಬಾಲಾಸನ, ಆಮೇಲೆ ಶವಾಸನ. ಒಟ್ಟು 25 ನಿಮಿಷ ಸಾಕು. ಮೊದಲ ಎರಡು ವಾರ ಹೊಸದು ಏನನ್ನೂ ಸೇರಿಸಬೇಡಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಉಸಿರಿನ ವಿಷಯ ಮಾತ್ರ ಗೊಂದಲ. ಯೋಗದಲ್ಲಿ ಹೊಟ್ಟೆ ಉಬ್ಬಿಸಿ ಉಸಿರು ತಗೊಳ್ಳಿ ಅನ್ನುತ್ತಾರೆ. ಪಿಲಾಟೀಸ್‌ನಲ್ಲಿ ಹೊಟ್ಟೆ ಒಳಗೆ ಎಳೆದುಕೊಳ್ಳಿ ಅನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಎರಡೂ ಬೇರೆ ಬೇರೆ ಕೆಲಸಕ್ಕೆ. ಒಂದೇ ಚಲನೆಯಲ್ಲಿ ಎರಡನ್ನೂ ಬೆರೆಸಲು ಹೋದಾಗಲೇ ಗೊಂದಲ.

ಪಿಲಾಟೀಸ್‌ನಲ್ಲಿ ಮೂಗಿನಿಂದ ಉಸಿರು ತೆಗೆದುಕೊಳ್ಳುವಾಗ ಪಕ್ಕೆಲುಬು ಪಕ್ಕಕ್ಕೆ ಮತ್ತು ಹಿಂದಕ್ಕೆ ಅರಳಬೇಕು. ಕೈಗಳನ್ನು ಪಕ್ಕೆಯ ಮೇಲೆ ಇಟ್ಟುಕೊಂಡರೆ ಅದು ತಿಳಿಯುತ್ತದೆ. ಬಲ ಹಾಕುವ ಹೊತ್ತಿಗೆ ಬಾಯಿಂದ ಉಸಿರು ಬಿಡಬೇಕು. ಇದಕ್ಕೆ ಕಾರಣ ಇದೆ. ಹೊಟ್ಟೆಯ ಅತಿ ಒಳಗಿನ ಸ್ನಾಯು, ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್, ಸೊಂಟಪಟ್ಟಿಯ ಹಾಗೆ ಅಡ್ಡಕ್ಕೆ ಸುತ್ತಿಕೊಂಡಿದೆ. ನಾವು ಒತ್ತಿ ಉಸಿರು ಬಿಟ್ಟಾಗ ಅದು ತಾನಾಗಿಯೇ ಬಿಗಿಯಾಗುತ್ತದೆ. ಮೇಲೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು, ಹಿಂದೆ ಬೆನ್ನುಮೂಳೆಗೆ ಅಂಟಿದ ಸಣ್ಣ ಸ್ನಾಯುಗಳು. ಇವೆಲ್ಲಾ ಒಟ್ಟಿಗೆ ಕೆಲಸ ಮಾಡಿದಾಗ ಸೊಂಟಕ್ಕೆ ಆಧಾರ ಸಿಗುತ್ತದೆ. ಹಾಗಾಗಿ ಟೋ ಟ್ಯಾಪ್‌ನಲ್ಲಿ ಕಾಲು ಆಡುವಾಗ ಉಸಿರು ಬಿಡಿ, ಬ್ರಿಡ್ಜ್‌ನಲ್ಲಿ ಮೇಲೇಳುವಾಗ ಬಿಡಿ.

ವೀರಭದ್ರಾಸನದಲ್ಲಿ ನಿಂತಾಗ, ಬಾಲಾಸನದಲ್ಲಿ ಕೂತಾಗ ಆ ಲೆಕ್ಕ ಬೇಡ. ಮೂಗಿನಿಂದಲೇ ತೆಗೆದುಕೊಂಡು ಮೂಗಿನಿಂದಲೇ ಬಿಡಿ, ನಿಧಾನವಾಗಿ. ಮಲಗಿರುವಾಗ ಹೊಟ್ಟೆ ಮೃದುವಾಗಿ ಏರಿ ಇಳಿಯಲಿ. ಚಲಿಸುತ್ತಾ ಮತ್ತೆ ಮತ್ತೆ ಮಾಡುವುದಕ್ಕೆ ಪಿಲಾಟೀಸ್ ಉಸಿರು, ಒಂದು ಕಡೆ ಉಳಿಯುವುದಕ್ಕೆ ಯೋಗದ ಉಸಿರು. ಹೊಟ್ಟೆಯನ್ನು ಪೂರ್ತಿ ಬಲ ಹಾಕಿ ಒಳಗೆ ಎಳೆಯಬೇಡಿ. ಆಗ ಪಕ್ಕೆಲುಬೇ ಅಲುಗಾಡುವುದಿಲ್ಲ. ಪಕ್ಕದಲ್ಲಿ ಇದ್ದವರ ಜೊತೆ ಮಾತಾಡಲು ಆಗಬೇಕು, ಅಷ್ಟೇ ಬಿಗಿ ಇರಲಿ. ತಲೆ ಪೂರ್ತಿ ಗೊಂದಲವಾದ ದಿನ ನಿಯಮ ಮರೆತುಬಿಡಿ, ಉಸಿರು ಕಟ್ಟಬೇಡಿ ಅನ್ನುವುದೊಂದನ್ನು ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾನು ವಿಡಿಯೋ ನೋಡಿ ಹಂಡ್ರೆಡ್ ಮಾಡುತ್ತಿದ್ದೇನೆ. ಹೊಟ್ಟೆಗಿಂತ ಮೊದಲು ಕತ್ತು ನೋಯುತ್ತದೆ. ಬಿಟ್ಟುಬಿಡಲಾ?

ಉತ್ತರ: ತಲೆ ಎತ್ತುವುದನ್ನು ಬಿಡಿ, ವ್ಯಾಯಾಮವನ್ನು ಬಿಡಬೇಡಿ. ಜೋಸೆಫ್ ಪಿಲಾಟೀಸ್ 1945ರಲ್ಲಿ ಪ್ರಕಟಿಸಿದ 34 ನೆಲದ ವ್ಯಾಯಾಮಗಳಲ್ಲಿ ಹಂಡ್ರೆಡ್ ಮೊದಲನೆಯದು. ಎಷ್ಟೋ ವಿಡಿಯೋಗಳು ಅದರಿಂದಲೇ ಶುರುವಾಗುತ್ತವೆ. ಆದರೆ ಪಟ್ಟಿಯಲ್ಲಿ ಮೊದಲು ಇದೆ ಅಂದ ಮಾತ್ರಕ್ಕೆ ಅದು ಸುಲಭ ಅಲ್ಲ. 5 ಎಣಿಕೆ ಉಸಿರು ಒಳಗೆ, 5 ಎಣಿಕೆ ಹೊರಗೆ, ಹೀಗೆ 10 ಸುತ್ತು, ಅಷ್ಟೂ ಹೊತ್ತು ತಲೆ ಮತ್ತು ಎರಡೂ ಕಾಲು ಗಾಳಿಯಲ್ಲಿ, ಪಕ್ಕದಲ್ಲಿ ಚಾಚಿದ ಕೈಗಳು ಮೇಲೆ ಕೆಳಗೆ ಆಡುತ್ತಿರಬೇಕು. ಹೊಟ್ಟೆಗೆ ಬಲ ಸಾಲದಿದ್ದಾಗ ಎದೆ ಮೇಲೇಳುವುದಿಲ್ಲ, ಗದ್ದ ಮಾತ್ರ ಮುಂದೆ ಬಂದು ಕತ್ತು ಇಡೀ ತಲೆಯ ಭಾರ ಹೊರುತ್ತದೆ. ತಲೆ ನೆಲದ ಮೇಲೆ, ಪಾದ ನೆಲದ ಮೇಲೆ ಇಟ್ಟು ಕೈ ಮಾತ್ರ ಆಡಿಸಿ, 4 ಸುತ್ತು. ಅದು ಆರಾಮ ಅನಿಸಿದ ಮೇಲೆ ಒಂದು ಕಾಲು ಎತ್ತಿ. ತಲೆ ಎತ್ತುವುದು ಎಲ್ಲಕ್ಕಿಂತ ಕೊನೆಗೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಅಮ್ಮನಿಗೆ 64. ಮೂಳೆ ಸವೆದಿದೆ, ಆಸ್ಟಿಯೋಪೊರೋಸಿಸ್ ಅಂದಿದ್ದಾರೆ. ಬಿಪಿ ಮಾತ್ರೆಯೂ ಇದೆ. ನನ್ನ ಜೊತೆ ಅವರೂ ಮಾಡಬಹುದಾ?

ಉತ್ತರ: ಅಮ್ಮನ ವೈದ್ಯರನ್ನು ಒಮ್ಮೆ ಕೇಳಿಕೊಂಡು ಮಾಡಿಸಿ. ಮಾಡಿಸಬೇಕು ಅಂತಲೇ ನನ್ನ ಅಭಿಪ್ರಾಯ. ಈ ವಯಸ್ಸಲ್ಲಿ ಸ್ನಾಯು ಬಲ ಮತ್ತು ಸಮತೋಲ ಇದ್ದರೆ ಬೀಳುವ ಸಾಧ್ಯತೆ ಕಮ್ಮಿಯಾಗುತ್ತದೆ. ಆದರೆ ನಿಮ್ಮ ಪಟ್ಟಿ ಅವರಿಗೆ ಹಾಗೇ ಆಗಿಬರುವುದಿಲ್ಲ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮೂಳೆ ಟೊಳ್ಳಾದಾಗ ಬೆನ್ನು ಬಾಗಿಸಿ ಭಾರ ಹಾಕಿದರೆ ಕಶೇರುಕದ, ಅಂದರೆ ಬೆನ್ನುಮೂಳೆಯ ಎಲುಬಿನ, ಮುಂಭಾಗ ಕುಸಿಯಬಹುದು. ಅದಕ್ಕೇ ಮಲಗಿದಲ್ಲಿಂದ ಬೆನ್ನು ಬಾಗಿಸುತ್ತಾ ಎದ್ದು ಕೂರುವ ರೋಲ್ ಅಪ್ ಬೇಡ, ತಲೆ ಎತ್ತಿದ ಹಂಡ್ರೆಡ್ ಬೇಡ, ಬೆನ್ನು ಗೂನು ಮಾಡಿ ಪಾದ ಮುಟ್ಟುವ ಪಶ್ಚಿಮೋತ್ತಾನಾಸನ ಬೇಡ, ಜೋರಾಗಿ ತಿರುಚುವುದೂ ಬೇಡ. ಬ್ರಿಡ್ಜ್‌ನಲ್ಲಿ ಎಲುಬು ಎಲುಬಾಗಿ ಬಿಡಿಸದೆ, ಬೆನ್ನು ನೇರ ಇಟ್ಟು ಸ್ವಲ್ಪವೇ ಎತ್ತಲಿ. ಹೊಟ್ಟೆಯ ಮೇಲೆ ಮಲಗಿ ಎದೆ ತುಸು ಎತ್ತುವುದು, ಗೋಡೆ ಹಿಡಿದು ವೃಕ್ಷಾಸನ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಇವು ಒಳ್ಳೆಯವು.

ಬಿಪಿ ಹತೋಟಿಯಲ್ಲಿ ಇದ್ದರೆ ಭಯ ಬೇಡ, ಉಸಿರು ಕಟ್ಟಬಾರದು ಅಷ್ಟೇ. ತಲೆ ಕೆಳಗಾಗುವ ಭಂಗಿಗಳನ್ನು ಬಿಟ್ಟುಬಿಡಿ. ಕಣ್ಣಿನ ಗ್ಲಾಕೋಮಾ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಇದೇ ಮಾತು. ಅಂಗೈ, ಪಾದ ಊರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲೂ ಕಣ್ಣಿನ ಒಳಗಿನ ಒತ್ತಡ ಏರುತ್ತದೆ.

ಪ್ರಶ್ನೆ: ಯೋಗ ಮ್ಯಾಟ್ ಸಾಕಾ, ಪಿಲಾಟೀಸ್‌ಗೆ ಬೇರೆ ಬೇಕಾ? ಅಂಗೈ ಊರಿದಾಗ ನನಗೆ ಮಣಿಕಟ್ಟು ನೋವು ಬರುತ್ತದೆ, ಅದಕ್ಕೂ ಏನಾದರೂ ಹೇಳಿ.

ಉತ್ತರ: ಒಂದೇ ಸಾಕು. ಯೋಗ ಮ್ಯಾಟ್ ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್, ಪಿಲಾಟೀಸ್ ಮ್ಯಾಟ್ 10ರಿಂದ 15. ದಪ್ಪ ಮ್ಯಾಟ್ ಮೇಲೆ ಒಂಟಿ ಕಾಲಲ್ಲಿ ನಿಂತರೆ ಪಾದ ಹುದುಗಿ ಓಲಾಡುತ್ತದೆ. ತೆಳುವಾದದ್ದನ್ನೇ ತಗೊಳ್ಳಿ, ಬೆನ್ನ ಮೇಲೆ ಮಲಗುವಾಗ ಕೆಳಗೆ ಕಂಬಳಿ ಹಾಸಿ. ಮಣಿಕಟ್ಟಿಗೆ ಮುಷ್ಟಿ ಕಟ್ಟಿ ಊರಿ, ಇಲ್ಲವೇ ಮೊಣಕೈ ಊರಿ. ಅಂಗೈ ಊರಿದಾಗ ಭಾರವೆಲ್ಲಾ ಅಂಗೈ ಬುಡಕ್ಕೆ ಬೀಳದೆ ಬೆರಳುಗಳಿಗೂ ಹಂಚಿಹೋಗಬೇಕು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ವಾರಕ್ಕೆ ಎಷ್ಟು ದಿನ ಮಾಡಬೇಕು? ಇದರಿಂದ ತೂಕ ಇಳಿಯುತ್ತಾ?

ಉತ್ತರ: ವಾರಕ್ಕೆ 3 ದಿನ, ನಡುವೆ ಒಂದೊಂದು ದಿನ ಬಿಟ್ಟು. ತೂಕದ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ: ಈ 25 ನಿಮಿಷದ್ದನ್ನೇ ನಂಬಿಕೊಂಡರೆ ತೂಕ ಅಷ್ಟಾಗಿ ಇಳಿಯುವುದಿಲ್ಲ. ಇಲ್ಲಿ ಎದೆಬಡಿತ ಏರುವಂಥ ಕೆಲಸ ಕಮ್ಮಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಹೇಳಿದ್ದಾರೆ. ಅದರ ಜೊತೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಉಳಿದ ದಿನ ಬಿರುಸಾಗಿ ನಡೆಯಿರಿ. ತೂಕದ ಮಾತು ಬಂದರೆ ಊಟದ ಅಳತೆಯನ್ನೂ ನೋಡಲೇಬೇಕು, ಅಲ್ವಾ. ಆದರೆ ಕೂತು ಏಳುವಾಗ ಬರುವ ನೋವು, ಬಿಗಿತ, ಆಯಾಸ ಇವುಗಳಲ್ಲಿ ತೂಕದ ಯಂತ್ರ ತೋರಿಸದ ಬದಲಾವಣೆ ಬರಬಹುದು. ಅದನ್ನು ಲೆಕ್ಕಕ್ಕೆ ತಗೊಳ್ಳಿ.

ಪ್ರಶ್ನೆ (ಮೊದಲು ಕೇಳಿದವರು): ಮೇಡಂ, ಕೆಲವು ವಾರದಿಂದ ನೀವು ಹೇಳಿದ್ದನ್ನೇ ಮಾಡುತ್ತಿದ್ದೇನೆ. ಸಂಜೆಯ ಬಿಗಿ ಕಮ್ಮಿಯಾಗಿದೆ. ಮಾರನೇ ದಿನ ತೊಡೆ, ಹೊಟ್ಟೆ ಮೈಕೈ ನೋವಿನ ಹಾಗೆ ನೋಯುತ್ತದೆ, ಇದು ಸರಿಯಾ? ಇನ್ನು ಸೂರ್ಯ ನಮಸ್ಕಾರ ಸೇರಿಸಬಹುದಾ?

ಉತ್ತರ: ಕೇಳಿ ಬಹಳ ಸಂತೋಷವಾಯಿತು! ಮಾರನೇ ದಿನ ಶುರುವಾಗಿ, ಎರಡು ಮೂರು ದಿನದಲ್ಲಿ ಹೋಗುವ ಸ್ನಾಯು ನೋವು ಸಹಜ. ಕಾಲಿನ ಉದ್ದಕ್ಕೂ ಇಳಿಯುವ ನೋವು, ಜೋಮು, ಸಂದಿನಲ್ಲಿ ಚುಚ್ಚಿದಂಥ ನೋವು ಇವು ಹಾಗಲ್ಲ. ಅವು ಬಂದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಜೋಮಿನ ಜೊತೆ ಮೂತ್ರ ಹಿಡಿತ ತಪ್ಪಿದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಸೂರ್ಯ ನಮಸ್ಕಾರಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ಕೈ ಊರಿ ಮೈಯನ್ನು ಹಲಗೆಯ ಹಾಗೆ ನೇರ ಇಡುವುದು ಪ್ಲ್ಯಾಂಕ್. ಮಂಡಿ ಊರಿದ ಪ್ಲ್ಯಾಂಕ್‌ನಲ್ಲಿ 20 ಸೆಕೆಂಡ್, ಸೊಂಟ ಕೆಳಗೆ ಜೋಲದೆ, ಉಸಿರಾಡುತ್ತಾ ಇರಲು ಆಗುತ್ತದಾ? ಆಗುವುದಾದರೆ ಶುರು ಮಾಡಿ. 12 ಹಂತಗಳಲ್ಲಿ ಹೊಸಬರ ಸೊಂಟ ಜೋಲುವುದು ಹೆಚ್ಚಾಗಿ ಪ್ಲ್ಯಾಂಕ್‌ನಿಂದ ನೆಲಕ್ಕೆ ಇಳಿಯುವಾಗ. ಅಲ್ಲಿ ಮೊದಲು ಮಂಡಿ ಊರಿ, ಟೋ ಟ್ಯಾಪ್‌ನಲ್ಲಿ ಮಾಡಿದ ಹಾಗೆ ಉಸಿರು ಬಿಡುತ್ತಾ ಇಳಿಯಿರಿ. ಮುಂದೆ ಬಗ್ಗುವಾಗ ಮಂಡಿ ಧಾರಾಳವಾಗಿ ಮಡಚಿ, ಕೈ ನೆಲ ಮುಟ್ಟಲೇಬೇಕು ಅನ್ನುವ ಹಟ ಬೇಡ. ನಿಂತು ಮಾಡುವ ಆಸನಗಳಿಗೆ ಮುಂಚೆ 2 ಸುತ್ತು ಸಾಕು.

ಪ್ರಶ್ನೆ: ಕೊನೆಯದಾಗಿ ಒಂದು. ಹತ್ತೇ ನಿಮಿಷ ಇರುವ ದಿನ ಏನನ್ನು ಬಿಡಲಿ?

ಉತ್ತರ: ಪಕ್ಕಕ್ಕೆ ಮಲಗಿ ಮಾಡುವುದನ್ನು ಬಿಡಿ, ಭುಜಂಗಾಸನ ಬಿಡಿ, ಸೂರ್ಯ ನಮಸ್ಕಾರವನ್ನೂ ಬಿಡಿ. ಟೋ ಟ್ಯಾಪ್, ಬ್ರಿಡ್ಜ್, ಬರ್ಡ್ ಡಾಗ್, ನಿಂತು ವೀರಭದ್ರಾಸನ. ಉಳಿದ ಎರಡು ನಿಮಿಷ ಶವಾಸನ. ಸಮಯ ಕಮ್ಮಿ ಅಂತ ವೇಗ ಹೆಚ್ಚಿಸಬೇಡಿ, ಬೇಕಾದರೆ ಬರ್ಡ್ ಡಾಗ್ ಕೂಡ ಬಿಟ್ಟು ಉಳಿದದ್ದನ್ನು ನಿಧಾನವಾಗಿ ಮಾಡಿ.