ಸಹಾಯ ಬೇಕು: ತಂಗಿಯನ್ನು ಗೋಕರ್ಣದ ತಂತ್ರ ಶಿಬಿರಕ್ಕೆ ಕಳಿಸಬಹುದಾ?

ನಮಸ್ಕಾರ. ನಾವು ಶಿರಸಿ ಕಡೆಯವರು. ನನ್ನ ತಂಗಿಗೆ ಆತಂಕದ ತೊಂದರೆ ಇದೆ, ವೈದ್ಯರ ಮಾತ್ರೆ ನಡೆಯುತ್ತಿದೆ. ಜೊತೆಗೆ ಮೊಬೈಲಿನಲ್ಲಿ ಕೇಳುತ್ತಾ ಯೋಗ ನಿದ್ರೆ ಮಾಡುತ್ತಾಳೆ, ಅಂದರೆ ಮಲಗಿಕೊಂಡು ದನಿ ಹೇಳಿದ ಹಾಗೆ ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಡುವುದು. "ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು" ಅಂತ ದನಿ ಮುಂದೆ ಹೋದ ಹಾಗೆ ಅವಳ ಉಸಿರು ನಿಧಾನವಾಗುತ್ತದೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ತಂತ್ರದ ನ್ಯಾಸವನ್ನು (ಮಂತ್ರ ಹೇಳುತ್ತಾ ಮೈಯ ಒಂದೊಂದೇ ಭಾಗ ಮುಟ್ಟಿಕೊಳ್ಳುವುದು) ಆಧರಿಸಿ ಬಿಹಾರದ ಮುಂಗೇರಿನ ಸ್ವಾಮಿ ಸತ್ಯಾನಂದ ಸರಸ್ವತಿ ರೂಪಿಸಿದ ಪದ್ಧತಿ ಇದು. ನಮ್ಮ ಅಪ್ಪಯ್ಯ ಪೂಜೆಗೆ ಕೂತಾಗ ಎದೆ, ತಲೆ, ಶಿಖೆ ಮುಟ್ಟಿಕೊಂಡು ಅಂಗನ್ಯಾಸ ಮಾಡುತ್ತಾರಲ್ವಾ, ಅದರ ನೆಂಟನೇ. ಹಾಗಾಗಿ ತಂತ್ರ ಅಂದರೆ ನನಗೆ ಹೆದರಿಕೆ ಇಲ್ಲ.

ಈಗ ಗೋಕರ್ಣದ ಒಂದು 'ತಂತ್ರ ಥೆರಪಿ' ಶಿಬಿರಕ್ಕೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಫೋನ್ ಮಾಡಿ ವಿಚಾರಿಸಿದೆ. ಉಸಿರಾಟ, ಧ್ಯಾನದ ಜೊತೆ 'ಸ್ಪರ್ಶ ಚಿಕಿತ್ಸೆ'ಯೂ ಇದೆಯಂತೆ. ಯಾರು ಮುಟ್ಟುತ್ತಾರೆ, ಬೇಡ ಅಂದರೆ ನಿಲ್ಲಿಸುತ್ತಾರಾ ಅಂದರೆ, "ಬಂದು ಅನುಭವಿಸಿ" ಅಷ್ಟೇ ಉತ್ತರ. ನ್ಯಾಸದಲ್ಲಿ ನಮ್ಮ ಕೈ ನಮ್ಮ ಮೈ ಮೇಲೆ. ಇಲ್ಲಿ ಬೇರೆಯವರ ಕೈ! ವೈದ್ಯರು ಮಾತ್ರೆ ಮಾತ್ರ ಬಿಡಬೇಡಿ ಅಂದರು. ಶಿಬಿರದ ವಿಷಯ ಅವರಿಗೂ ಗೊತ್ತಿಲ್ಲ.

ಇಂಥ ಶಿಬಿರಕ್ಕೆ ಹೋಗಿ ಬಂದವರು ಇದ್ದೀರಾ? ಸೇರುವ ಮೊದಲು ಏನೇನು ಬರಹದಲ್ಲಿ ಕೇಳಿ ಪಡೆಯಬೇಕು? ಇಲ್ಲದಿದ್ದರೆ ಶಿರಸಿ, ಕುಮಟಾ, ಕಾರವಾರ ಸುತ್ತ ಎದುರು ಕೂರಿಸಿ ಯೋಗ ನಿದ್ರೆ ಕಲಿಸುವ ಹೆಂಗಸರು ಯಾರಾದರೂ ಇದ್ದಾರಾ?