ವಾಸ್ಪ್-33: ಮಿಡಿತ ತೆಗೆಯಲು ಹೋದರೆ ಗ್ರಹದ ಸಂಕ್ರಮಣವೂ ಕರಗುತ್ತಿದೆ, ಏನು ಮಾಡಬೇಕು?

ಗಂಗೋತ್ರಿ_ಭೌತ:

ಎಲ್ಲರಿಗೂ ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಫಿಸಿಕ್ಸ್, ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್. ಗ್ರಹ ಹುಡುಕುವ ಟೆಸ್ ಉಪಗ್ರಹದ ಡೇಟಾ ಇಟ್ಟುಕೊಂಡು ವಾಸ್ಪ್-33 ನಕ್ಷತ್ರದ ಮಿಡಿತವನ್ನೂ (ಕುಗ್ಗಿ ಹಿಗ್ಗುವಾಗಿನ ಬೆಳಕಿನ ಏರಿಳಿತ) ಅದರ ಗ್ರಹ ವಾಸ್ಪ್-33 ಬಿಯ ಸಂಕ್ರಮಣವನ್ನೂ (ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕು ತಗ್ಗುವುದು) ಒಟ್ಟಿಗೆ ನೋಡಬೇಕು. ಸೆಕ್ಟರ್ 18ರ (ಟೆಸ್ 2019ರ ನವೆಂಬರಿನಲ್ಲಿ ನೋಡಿದ ಆಕಾಶದ ಭಾಗ) ಲೈಟ್ ಕರ್ವ್, ಅಂದರೆ 2 ನಿಮಿಷಕ್ಕೊಮ್ಮೆ ಅಳೆದ ಬೆಳಕಿನ ಸಾಲು, ಇಳಿಸಿಕೊಂಡಿದ್ದೇನೆ. ಪೈಥಾನಿನ ಲೈಟ್‌ಕರ್ವ್ ಪ್ಯಾಕೇಜ್, ಉಪಕರಣದ ದೋಷ ತಿದ್ದಿದ ಪಿಡಿಸಿಸ್ಯಾಪ್ ಕಾಲಂ.

ನಿಧಾನ ಏರಿಳಿತವನ್ನು ಸಮತಟ್ಟು ಮಾಡುವ ಫ್ಲಾಟನ್ ಆದೇಶ ಕೊಟ್ಟರೆ ಶೇ 1.1ರಷ್ಟು ಇರಬೇಕಾದ ಸಂಕ್ರಮಣದ ಆಳ ಅರ್ಧಕ್ಕೂ ಬರುವುದಿಲ್ಲ, ಗುಂಡಿಯ ಎರಡೂ ಬದಿಯಲ್ಲಿ ದಿಬ್ಬ ಏಳುತ್ತದೆ. ಕೊಡದಿದ್ದರೆ ಆಳ ಸರಿಯಿದೆ, ಆದರೆ ಒಂದೊಂದು ಸಂಕ್ರಮಣದ ತಳ ಒಂದೊಂದು ಆಕಾರ. ಇನ್ನು ಪೀರಿಯಡೋಗ್ರಾಮಿನಲ್ಲಿ (ದಿನಕ್ಕೆ ಎಷ್ಟು ಸಲದ ಏರಿಳಿತ ಎಷ್ಟು ಬಲವಾಗಿದೆ ಎಂದು ತೋರುವ ಚಿತ್ರ) ದಿನಕ್ಕೆ 20 ಸಲದ ಆಸುಪಾಸಿನ ಶಿಖರಗಳ ಜೊತೆ 0.82, 1.64, 2.46ರಲ್ಲೂ ಶಿಖರಗಳಿವೆ. ಇವೂ ಮಿಡಿತವೇ? ಎಷ್ಟು ಶಿಖರ ತೆಗೆದ ಮೇಲೆ ನಿಲ್ಲಿಸಬೇಕು? ಲ್ಯಾಬಿನಲ್ಲಿ ಇದನ್ನು ಮಾಡಿದವರು ಯಾರೂ ಇಲ್ಲ, ದಯವಿಟ್ಟು ತಿಳಿದವರು ಹೇಳಿ.

ಸರಸ್ವತಿಪುರಂ_ನಕ್ಷತ್ರ:

ಮೊದಲು ಫ್ಲಾಟನ್ ವಿಚಾರ. ಆ ಆದೇಶದಲ್ಲಿ ನೀವೇನೂ ಬದಲಿಸದಿದ್ದರೆ ಕಿಟಕಿಯ ಉದ್ದ 101 ಬಿಂದು. 2 ನಿಮಿಷದ ಡೇಟಾದಲ್ಲಿ 101 ಬಿಂದು ಅಂದರೆ 3.4 ಗಂಟೆ. ವಾಸ್ಪ್-33 ಬಿ ನಕ್ಷತ್ರದ ಮುಂದೆ ಹಾದುಹೋಗಲು ತೆಗೆದುಕೊಳ್ಳುವುದು ಸುಮಾರು 2.7 ಗಂಟೆ. ಒಳಗೆ ಓಡುತ್ತಿರುವುದು ಸಾವಿಟ್ಸ್ಕಿ-ಗೋಲೆ ಫಿಲ್ಟರ್. 3.4 ಗಂಟೆಯ ತುಣುಕಿಗೆ ಎರಡನೇ ಘಾತದ ಬಹುಪದಿಯನ್ನು ಹೊಂದಿಸುವಾಗ ಸಂಕ್ರಮಣದ ಗುಂಡಿಯೇ ಅದಕ್ಕೆ ನಕ್ಷತ್ರದ ನಿಧಾನ ಏರಿಳಿತದಂತೆ ಕಾಣುತ್ತದೆ, ತುಂಬಿಬಿಡುತ್ತದೆ. ಬದಿಯ ದಿಬ್ಬ ಅದರದೇ ಅಡ್ಡಪರಿಣಾಮ. ಹಾಗೆಂದು ಕಿಟಕಿಯನ್ನು ದೊಡ್ಡದು ಮಾಡಿದರೆ ಸಂಕ್ರಮಣ ಉಳಿಯುತ್ತದೆ, 70 ನಿಮಿಷದ ಮಿಡಿತವೂ ಉಳಿಯುತ್ತದೆ. ಚಿಕ್ಕದು ಮಾಡಿದರೆ ಎರಡೂ ಹೋಗುತ್ತವೆ. ಅಂದರೆ ಈ ನಕ್ಷತ್ರಕ್ಕೆ ಸರಿಹೊಂದುವ ಕಿಟಕಿ ಅಳತೆಯೇ ಇಲ್ಲ. ಮಿಡಿತ ಕಾಡುತ್ತದೆಂದು ಫ್ಲಾಟನ್ ಕೊಡುವುದು ನೆಗಡಿ ಬಂತೆಂದು ಮೂಗು ಕುಯ್ದುಕೊಂಡಂತೆ. ನಿಮಗೆ ಬೇಕಾದ ಎರಡು ಸಂಕೇತಗಳಲ್ಲಿ ಒಂದು ಆ ಮಿಡಿತವೇ ಅಲ್ಲವೇ?

ಮಾಡಬೇಕಾದ್ದು ಹೀಗೆ. ಕ್ವಾಲಿಟಿ ಫ್ಲ್ಯಾಗ್ (ದೋಷದ ಗುರುತು) ಬಿದ್ದ ಬಿಂದುಗಳನ್ನು ಬಿಡಿ. ಒಂದು ಸೆಕ್ಟರಿನಲ್ಲಿ 13.7 ದಿನದ ಎರಡು ಕಕ್ಷೆಗಳಿರುತ್ತವೆ, ನಡುವೆ ಡೇಟಾ ಕಳಿಸುವಾಗ ಸುಮಾರು ಒಂದು ದಿನದ ಖಾಲಿ ಜಾಗ. ಪ್ರತಿ ಕಕ್ಷೆಯ ಆರಂಭ ಮತ್ತು ಕೊನೆಯನ್ನು ಕಣ್ಣಿಟ್ಟು ನೋಡಿ. ಭೂಮಿ, ಚಂದ್ರನ ಚದುರಿದ ಬೆಳಕು ಅಲ್ಲೇ ಹೆಚ್ಚು ನುಸುಳುವುದು. ಬಾಲ ಎದ್ದಿದ್ದರೆ ಆ ಭಾಗವನ್ನು ಕತ್ತರಿಸಿ. ಪ್ರತಿ ಕಕ್ಷೆಯನ್ನು ಅದರದೇ ಮಧ್ಯಾಂಕದಿಂದ ಭಾಗಿಸಿ. ಇಷ್ಟೇ ಸಾಕು, ಇದಕ್ಕಿಂತ ನಯಗೊಳಿಸಬೇಡಿ.

ಆಮೇಲೆ ಗ್ರಹದ ಅವಧಿ 1.21987 ದಿನ ಗೊತ್ತೇ ಇದೆಯಲ್ಲ, ಅದರಲ್ಲಿ ಮಡಿಚಿ (ಎಲ್ಲ ಸುತ್ತುಗಳನ್ನು ಒಂದರ ಮೇಲೊಂದಿಟ್ಟು) ಸಂಕ್ರಮಣದ ಬಿಂದುಗಳನ್ನು ಮುಚ್ಚಿ, ಅಂದರೆ ಲೆಕ್ಕದಿಂದ ಹೊರಗಿಡಿ. 2.7 ಗಂಟೆಯನ್ನಷ್ಟೇ ಅಲ್ಲ, ಎರಡೂ ಬದಿಗೆ 15 ನಿಮಿಷ ಸೇರಿಸಿ. ಅರ್ಧ ಸುತ್ತಿನಲ್ಲಿ, ಅಂದರೆ ಫೇಸ್ 0.5ರಲ್ಲೂ ಅಷ್ಟೇ ಅಗಲ ಮುಚ್ಚಿ. ಈ ಗ್ರಹದ ಹಗಲಿನ ಬದಿ 3000 ಕೆಲ್ವಿನ್ ದಾಟುತ್ತದೆ. ಗ್ರಹ ನಕ್ಷತ್ರದ ಹಿಂದೆ ಹೋದಾಗ ಟೆಸ್ ಬ್ಯಾಂಡಿನಲ್ಲಿ ಸುಮಾರು 300 ಪಿಪಿಎಂ (ಹತ್ತು ಲಕ್ಷದಲ್ಲಿ 300 ಪಾಲು) ಬೆಳಕು ಕಡಿಮೆಯಾಗುತ್ತದೆ. ನಿಮ್ಮ ಡೇಟಾದಲ್ಲಿ ಅದು ಸಣ್ಣದಲ್ಲ.

ನಿಮ್ಮ 0.82, 1.64, 2.46ರ ಉತ್ತರವೂ ಇಲ್ಲೇ ಇದೆ. 1 ಭಾಗಿಸು 1.21987 ಮಾಡಿ ನೋಡಿ: 0.8198. ಉಳಿದೆರಡು ಅದರ ಎರಡರಷ್ಟು, ಮೂರರಷ್ಟು. ಮುಚ್ಚದೆ ಬಿಟ್ಟ ಸಂಕ್ರಮಣವೇ ಫೂರಿಯೇಯಲ್ಲಿ ಹಾಗೆ ಒಡೆದು ಕಾಣುತ್ತಿದೆ. ಮುಚ್ಚಿದ ಮೇಲೆ 1.64, 2.46 ಕುಸಿಯಬೇಕು. 0.82ರಲ್ಲಿ ನೂರರ ಮಟ್ಟದ ಪಿಪಿಎಂ ಏನಾದರೂ ಉಳಿದರೆ ಅದನ್ನು ಮಿಡಿತವೆಂದು ತೆಗೆಯಬೇಡಿ, ಗ್ರಹದ ಹಗಲು-ರಾತ್ರಿ ಬದಿಗಳ ಬೆಳಕಿನ ವ್ಯತ್ಯಾಸ ಅದೇ ಜಾಗದಲ್ಲಿ ಕೂರುತ್ತದೆ.

ಇನ್ನು ಮಿಡಿತ ಕಳೆಯುವುದು. ಲಾಂಬ್-ಸ್ಕಾರ್ಗಲ್ ಪೀರಿಯಡೋಗ್ರಾಮ್, ಓವರ್‌ಸ್ಯಾಂಪ್ಲಿಂಗ್ (ಫ್ರೀಕ್ವೆನ್ಸಿಗಳನ್ನು ಎಷ್ಟು ಒತ್ತಾಗಿ ನೋಡಬೇಕೆಂಬ ಪಟ್ಟು) ಕನಿಷ್ಠ 10. ಅತಿ ಎತ್ತರದ ಶಿಖರ ಹಿಡಿದು ಸೈನ್ ಅಲೆ ಹೊಂದಿಸಿ ಕಳೆಯಿರಿ. ಉಳಿದದ್ದರಲ್ಲಿ ಮುಂದಿನ ಶಿಖರ. ಬಹಳ ಮಂದಿ ಎಡವುವುದು ಇಲ್ಲೇ: ಪ್ರತಿ ಹೊಸ ಫ್ರೀಕ್ವೆನ್ಸಿ ಸೇರಿದಾಗಲೂ ಹಿಂದಿನ ಎಲ್ಲವನ್ನೂ ಒಟ್ಟಿಗೆ, ಮೂಲ ಡೇಟಾಕ್ಕೆ, ಮತ್ತೆ ಹೊಂದಿಸಬೇಕು. ಒಂದೊಂದಾಗಿ ಕಳೆಯುತ್ತಾ ಹೋದರೆ ಮೊದಲ ಅಲೆಯ ಚೂರುಪಾರು ದೋಷ ಪಕ್ಕದಲ್ಲೇ ಸುಳ್ಳು ಶಿಖರವಾಗಿ ಹುಟ್ಟುತ್ತದೆ. ಕಾಲದ ಸೊನ್ನೆಯನ್ನು ಡೇಟಾದ ನಟ್ಟನಡುವೆ ಇಡಿ. ಟೆಸ್ ಕೊಡುವ 1790ರ ಆಸುಪಾಸಿನ ಸಂಖ್ಯೆಯನ್ನೇ ಬಳಸಿದರೆ ಫ್ರೀಕ್ವೆನ್ಸಿಯ ಸಣ್ಣ ತಪ್ಪೂ ಫೇಸನ್ನು ಎಲ್ಲಿಗೋ ಒಯ್ಯುತ್ತದೆ. ಕೋಡ್ ಬರೆಯುವ ತಾಪತ್ರಯ ಬೇಡವಾದರೆ ಪೀರಿಯಡ್04 ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಇದನ್ನೆಲ್ಲ ಅದೇ ಮಾಡುತ್ತದೆ.

ನಿಲ್ಲಿಸುವುದು ಯಾವಾಗ? ಶಿಖರದ ಸುತ್ತ ದಿನಕ್ಕೆ 1 ಅಥವಾ 2 ಅಗಲದಲ್ಲಿ ಗದ್ದಲದ ಸರಾಸರಿ ತೆಗೆದು ಅನುಪಾತ ನೋಡಿ. ಭೂಮಿಯ ದೂರದರ್ಶಕಗಳ ಕಾಲದಿಂದ ಬಂದ ಮಿತಿ 4. ಟೆಸ್‌ನಂಥ ಸಾವಿರಾರು ಬಿಂದುಗಳ ಡೇಟಾಕ್ಕೆ ಅದು ಸಡಿಲ, 5ರಲ್ಲಿ ನಿಲ್ಲಿಸುವುದು ಕ್ಷೇಮ. ಇನ್ನೊಂದು ಮಿತಿ ರೆಸಲ್ಯೂಶನ್: ಸುಮಾರು 25 ದಿನದ ಡೇಟಾದಲ್ಲಿ 1.5 ಭಾಗಿಸು 25, ಅಂದರೆ 0.06. ಇದಕ್ಕಿಂತ ಹತ್ತಿರವಿರುವ ಎರಡು ಶಿಖರಗಳನ್ನು ಬೇರೆಬೇರೆ ಎಂದು ವರದಿಯಲ್ಲಿ ಬರೆಯಬೇಡಿ.

ಕೊನೆಗೆ, ಸಿಕ್ಕಿದ ಮಿಡಿತದ ಮಾದರಿಯನ್ನು ಮುಚ್ಚಿಟ್ಟಿದ್ದ ಸಂಕ್ರಮಣದ ಹೊತ್ತಿಗೂ ವಿಸ್ತರಿಸಿ ಪೂರ್ತಿ ಡೇಟಾದಿಂದ ಕಳೆಯಿರಿ. ಆಗ ಮಡಿಚಿದರೆ ತಳಗಳು ಒಂದರ ಮೇಲೊಂದು ಕೂರುತ್ತವೆ.

ಮದ್ದೂರು_ಗಗನ:

ಸರಸ್ವತಿಪುರಂ ಅವರು ಹೇಳಿದ್ದರಲ್ಲಿ ಒಂದು ಸೇರಿಸಬೇಕು. ಸಂಕ್ರಮಣ ಮುಚ್ಚಿದಾಗ ನೀವೇ 1.22 ದಿನಕ್ಕೊಮ್ಮೆ ರಂಧ್ರ ಮಾಡಿದ ಹಾಗಾಯಿತು. ಫೇಸ್ 0.5 ಕೂಡ ಸೇರಿ ಡೇಟಾದ ಐದನೇ ಒಂದು ಭಾಗ ಹೋಗುತ್ತದೆ. ಪ್ರತಿ ನಿಜ ಶಿಖರದ ಎರಡೂ ಬದಿ 0.82ರ ದೂರದಲ್ಲಿ, 1.64ರ ದೂರದಲ್ಲಿ ಮರಿ ಶಿಖರಗಳು ಏಳುತ್ತವೆ. ಮುಖ್ಯ ಶಿಖರ ಕಳೆದಾಗ ಅವೂ ಬಿದ್ದರೆ ಸುಳ್ಳು. ಬೀಳದೆ ನಿಂತರೆ ಮಾತ್ರ ಗಮನಿಸಬೇಕಾದ್ದು. ಈ ರಂಧ್ರಗಳಿಂದಲೇ ಹುಟ್ಟುವ ಶಿಖರಗಳನ್ನು ತೋರುವ ಸ್ಪೆಕ್ಟ್ರಲ್ ವಿಂಡೋ ಚಿತ್ರವನ್ನು ವರದಿಯಲ್ಲಿ ಹಾಕಿ, ಎಕ್ಸಾಮಿನರ್ ಕೇಳುವ ಮೊದಲೇ ಉತ್ತರ ಕೊಟ್ಟಂತಾಗುತ್ತದೆ.

ಅದರ ಬದಲು ಗಾಸಿಯನ್ ಪ್ರೋಸೆಸ್ (ನಿಗದಿತ ಆಕಾರವಿಲ್ಲದ ಏರಿಳಿತಕ್ಕೂ ಒಗ್ಗುವ ಸಂಖ್ಯಾಶಾಸ್ತ್ರದ ಮಾದರಿ) ಹಾಕಿ ಎಲ್ಲವನ್ನೂ ಒಟ್ಟಿಗೆ ಹೊಂದಿಸಬಹುದಲ್ಲ? ಮುಚ್ಚುವ ಕೆಲಸವೇ ಇರುವುದಿಲ್ಲ.

ಸರಸ್ವತಿಪುರಂ_ನಕ್ಷತ್ರ:

ಈ ನಕ್ಷತ್ರಕ್ಕೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ವಾಸ್ಪ್-33 ಡೆಲ್ಟಾ ಸ್ಕೂಟಿ ಎಂಬ ಮಿಡಿಯುವ ವರ್ಗದ್ದು; ಅಂಥ ನಕ್ಷತ್ರದ ಮಿಡಿತ ಹುಟ್ಟುವುದು ಹೀಲಿಯಂ ಎರಡನೇ ಬಾರಿ ಅಯಾನೀಕರಣಗೊಳ್ಳುವ ಪದರದಲ್ಲಿ. ಆ ಪದರ ಕುಗ್ಗಿದಾಗ ಶಾಖ ಹಿಡಿದಿಟ್ಟು ಹಿಗ್ಗುವಾಗ ಬಿಡುತ್ತದೆ. ಹಾಗಾಗಿ ಅಲೆಗಳು ವಾರಗಟ್ಟಲೆ ಲಯ ತಪ್ಪುವುದಿಲ್ಲ, ಸೈನ್ ಅಲೆಗಳ ಮೊತ್ತವೇ ಸರಿಯಾದ ಭೌತಿಕ ಮಾದರಿ. ಸೂರ್ಯನಂಥ ನಕ್ಷತ್ರಗಳಲ್ಲಿ ಮೇಲ್ಮೈಯ ಕುದಿತ ಅಲೆಗಳನ್ನು ಎಬ್ಬಿಸುತ್ತದೆ, ತಣಿಸುತ್ತದೆ, ಲಯ ನಿಲ್ಲುವುದಿಲ್ಲ. ಅಲ್ಲಿ ಗಾಸಿಯನ್ ಪ್ರೋಸೆಸ್ ಚೆನ್ನಾಗಿ ಒದಗುತ್ತದೆ. ಇಲ್ಲಿ ಅದಕ್ಕೆ ಸಡಿಲ ಬಿಟ್ಟರೆ ಸಂಕ್ರಮಣದ ಒಂದು ಪಾಲನ್ನು ಅದೂ ನುಂಗುತ್ತದೆ.

ಲೆಕ್ಕಕ್ಕೆ ಇನ್ನೊಂದು ಮಾತು. ಗ್ರಹದ ತ್ರಿಜ್ಯ ಸಿಗುವುದು ಆಳದ ವರ್ಗಮೂಲದಿಂದ. ಆಳದಲ್ಲಿ ಶೇ 10 ತಪ್ಪಿದರೆ ತ್ರಿಜ್ಯ ಶೇ 5 ತಪ್ಪುತ್ತದೆ, ಆದರೆ ನಕ್ಷತ್ರದ ತ್ರಿಜ್ಯದಲ್ಲಿ ಶೇ 5 ತಪ್ಪಿದ್ದರೆ ಅದು ಹಾಗೇ ಶೇ 5 ಬರುತ್ತದೆ. ಮಿಡಿತದ ಅಧ್ಯಯನ ಗ್ರಹ ಹುಡುಕುವವರಿಗೂ ಬೇಕಾಗುವುದು ಇದಕ್ಕೇ. ಕೆಪ್ಲರ್-444 ಎಂಬ ನಕ್ಷತ್ರದ ವಯಸ್ಸು ಸುಮಾರು 1120 ಕೋಟಿ ವರ್ಷ ಎಂದು ಹೇಳಲು ಸಾಧ್ಯವಾದದ್ದು ಅದರ ಅಲೆಗಳಿಂದ. ವಾಸ್ಪ್-33ರ ಮಟ್ಟಿಗೆ ಆ ಆಸೆ ಇಟ್ಟುಕೊಳ್ಳಬೇಡಿ: ಸೆಕೆಂಡಿಗೆ 85 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ತಿರುಗುವ ನಕ್ಷತ್ರ, ಯಾವ ಶಿಖರ ಯಾವ ಮೋಡ್ (ಮಿಡಿತದ ವಿನ್ಯಾಸ) ಎಂದು ಗುರುತಿಸುವುದು ಕಷ್ಟ. 2020ರಲ್ಲಿ ಟೆಸ್ ಡೇಟಾದಲ್ಲಿ 60 ಎಳೆಯ ಡೆಲ್ಟಾ ಸ್ಕೂಟಿಗಳಲ್ಲಿ ಶಿಖರಗಳು ಸಮ ಅಂತರದಲ್ಲಿ ಸಾಲಾಗಿ ನಿಂತದ್ದು ಕಂಡುಬಂತು. ನಿಮ್ಮ ಶಿಖರಗಳಲ್ಲೂ ಅಂಥ ಸಾಲು ಇದೆಯೇ ಎಂದು ಎಶೆಲ್ ಚಿತ್ರ (ಪೀರಿಯಡೋಗ್ರಾಮನ್ನು ಸಮ ತುಂಡು ಮಾಡಿ ಒಂದರ ಮೇಲೊಂದು ಜೋಡಿಸಿದ್ದು) ಬರೆದು ನೋಡಬಹುದು, ಇಲ್ಲವೆಂದರೆ ಇಲ್ಲವೆಂದೇ ಬರೆಯಿರಿ.

ಗಂಗೋತ್ರಿ_ಭೌತ:

ತುಂಬಾ ಧನ್ಯವಾದ ಸರ್. ಮುಚ್ಚಿ ನೋಡಿದೆ, 1.64 ಮತ್ತು 2.46 ಎರಡೂ ಹೋದವು. ಫ್ರೀಕ್ವೆನ್ಸಿಗೆ ಎಷ್ಟು ಅನಿಶ್ಚಿತತೆ ಬರೆಯಬೇಕು? ಮತ್ತೆ, ಪ್ರಾಜೆಕ್ಟಿನ ಎರಡನೇ ಭಾಗಕ್ಕೆ 2 ನಿಮಿಷದ ಡೇಟಾ ಇಲ್ಲದ ನಕ್ಷತ್ರಗಳನ್ನು ಟೆಸ್ ಕ್ಯಾಮೆರಾದ ಇಡೀ ನೋಟದ ಪೂರ್ಣ ಚಿತ್ರಗಳಿಂದ ತೆಗೆಯಬೇಕೆಂದಿದ್ದೇವೆ, 30 ನಿಮಿಷಕ್ಕೊಂದು ಇರುವಂಥದ್ದು.

ಮದ್ದೂರು_ಗಗನ:

ಅನಿಶ್ಚಿತತೆಗೆ ಮಾಂಟ್ಗೊಮರಿ-ಓಡೊನಹ್ಯೂ ಸೂತ್ರ: 6 ಭಾಗಿಸು ಬಿಂದುಗಳ ಸಂಖ್ಯೆ, ಅದರ ವರ್ಗಮೂಲ, ಅದನ್ನು ಗದ್ದಲದಿಂದ ಗುಣಿಸಿ, ಪೈ ಗುಣಿಸು ಅವಧಿ ಗುಣಿಸು ಆಂಪ್ಲಿಟ್ಯೂಡ್‌ನಿಂದ ಭಾಗಿಸಿ. 16,000 ಬಿಂದು, 25 ದಿನ, ಗದ್ದಲ 1 ಮಿಲಿಮ್ಯಾಗ್ನಿಟ್ಯೂಡ್ (ಬೆಳಕಿನಲ್ಲಿ ಸುಮಾರು ಶೇ 0.1), ಅಲೆ ಅದರ ಅರ್ಧ ಎಂದಿಟ್ಟರೆ ದಿನಕ್ಕೆ 0.0005 ಬರುತ್ತದೆ. ಇದು ಅತಿ ಕಡಿಮೆ ಮಿತಿ. ಪಕ್ಕಪಕ್ಕದ ಬಿಂದುಗಳ ಗದ್ದಲ ಒಂದಕ್ಕೊಂದು ಅಂಟಿಕೊಂಡಿದ್ದರೆ ನಿಜವಾದದ್ದು ಇದಕ್ಕಿಂತ ಹೆಚ್ಚು.

30 ನಿಮಿಷದ ಚಿತ್ರಗಳ ವಿಷಯದಲ್ಲಿ ಹುಷಾರು. ನೈಕ್ವಿಸ್ಟ್ ಮಿತಿ, ಅಂದರೆ ನೇರವಾಗಿ ಅಳೆಯಬಹುದಾದ ಅತಿ ಹೆಚ್ಚಿನ ಫ್ರೀಕ್ವೆನ್ಸಿ, ದಿನಕ್ಕೆ 24. ನಿಜವಾಗಿ 28ರಲ್ಲಿ ಮಿಡಿಯುವ ನಕ್ಷತ್ರ ನಿಮಗೆ 20ರಲ್ಲಿ ಕಾಣುತ್ತದೆ, 48ರಿಂದ ಕಳೆದಷ್ಟು. ಒಂದೇ ಸೆಕ್ಟರಿನ ಡೇಟಾದಲ್ಲಿ ಯಾವುದು ನಿಜ ಎಂದು ಬಿಡಿಸುವುದು ಬಲು ಕಷ್ಟ. ಜೊತೆಗೆ ಅರ್ಧ ಗಂಟೆ ತೆರೆದಿಟ್ಟ ಚಿತ್ರದಲ್ಲಿ ಅಲೆ ತೀಡಿಹೋಗುತ್ತದೆ: ದಿನಕ್ಕೆ 20ರ ಅಲೆಯ ಎತ್ತರ ಶೇ 26 ಕಡಿಮೆ ಕಾಣುತ್ತದೆ. 10 ನಿಮಿಷದ್ದಾದರೆ ಶೇ 3, 2 ನಿಮಿಷದ್ದಾದರೆ ಲೆಕ್ಕಕ್ಕಿಲ್ಲ. 2020ರ ಜುಲೈನಿಂದ ಪೂರ್ಣ ಚಿತ್ರ 10 ನಿಮಿಷಕ್ಕೊಂದು, 2022ರ ಸೆಪ್ಟೆಂಬರಿನಿಂದ 200 ಸೆಕೆಂಡಿಗೊಂದು. ಹಾಗಾಗಿ ನಿಮ್ಮ ನಕ್ಷತ್ರ ಆಮೇಲಿನ ಸೆಕ್ಟರುಗಳಲ್ಲಿ ಇದ್ದರೆ ಅದನ್ನೇ ಹಿಡಿಯಿರಿ. 200 ಸೆಕೆಂಡಿಗೆ ನೈಕ್ವಿಸ್ಟ್ 216, ಡೆಲ್ಟಾ ಸ್ಕೂಟಿಗಳಿಗೆ ಧಾರಾಳ.

ಟೆಸ್ ಪಿಕ್ಸೆಲ್ 21 ಆರ್ಕ್‌ಸೆಕೆಂಡ್, ಹಿಂದಿನ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ್ದು 4. ನೀವೇ ಅಪರ್ಚರ್ (ಬೆಳಕು ಕೂಡಿಸುವ ಪಿಕ್ಸೆಲುಗಳ ಗುಂಪು) ಹಾಕುವಾಗ ಪಕ್ಕದ ನಕ್ಷತ್ರದ ಬೆಳಕು ಸೇರದೆ ಇರುವುದೇ ಇಲ್ಲ. ಗಯಾ ಉಪಗ್ರಹದ ನಕ್ಷತ್ರ ಕ್ಯಾಟಲಾಗಿನಿಂದ ಸುತ್ತಲಿನ ನಕ್ಷತ್ರಗಳನ್ನೆಲ್ಲ ಚಿತ್ರದ ಮೇಲೆ ಗುರುತಿಸಿ, ಪ್ರತಿ ಪಿಕ್ಸೆಲಿನ ಪೀರಿಯಡೋಗ್ರಾಮ್ ಬೇರೆಬೇರೆ ತೆಗೆಯಿರಿ. ಮಿಡಿತದ ಎತ್ತರ ಅಂಚಿನ ಪಿಕ್ಸೆಲಿನಲ್ಲಿ ಹೆಚ್ಚಿದ್ದರೆ ಮಿಡಿಯುತ್ತಿರುವುದು ನೆರೆಯ ನಕ್ಷತ್ರ. ಸಿದ್ಧ 2 ನಿಮಿಷದ ಫೈಲಿನ ಹೆಡರಿನಲ್ಲಿ ಕ್ರೌಡ್‌ಸ್ಯಾಪ್ ಎಂಬ ಸಂಖ್ಯೆ ಇರುತ್ತದೆ. ಅದು 0.8 ಇದ್ದರೆ ಬೆಳಕಿನ ಐದನೇ ಒಂದು ಪಾಲು ಬೇರೆ ನಕ್ಷತ್ರಗಳದು. ಪಿಡಿಸಿಸ್ಯಾಪ್‌ನಲ್ಲಿ ಈ ತಿದ್ದುಪಡಿ ಆಗಿರುತ್ತದೆ, ಸ್ಯಾಪ್‌ನಲ್ಲಿ ಆಗಿರುವುದಿಲ್ಲ. ಎರಡು ಸಲ ತಿದ್ದಿ ಆಳ ಹೆಚ್ಚಿಸಿಕೊಂಡ ವರದಿಗಳೂ ಬರುತ್ತವೆ, ನೋಡಿಕೊಳ್ಳಿ.

ಮೇಲುಕೋಟೆ_ಬೆಟ್ಟ:

ವಾಸ್ಪ್-33 8.3ರ ಮ್ಯಾಗ್ನಿಟ್ಯೂಡ್, ಎಂಟು ಇಂಚಿನ ದೂರದರ್ಶಕಕ್ಕೆ ನಿಲುಕುತ್ತದೆ. ಮೈಸೂರಿನ ಅಕ್ಷಾಂಶದಿಂದ ಉತ್ತರಕ್ಕೆ ಸುಮಾರು 65 ಡಿಗ್ರಿ ಎತ್ತರಕ್ಕೆ ಏರುತ್ತದೆ, ಅಕ್ಟೋಬರ್ ಕೊನೆಯಲ್ಲಿ ನಡುರಾತ್ರಿಗೆ. ದಸರಾ ದೀಪಾಲಂಕಾರ ಮುಗಿದು ಹಿಂಗಾರು ಮಳೆ ಬಿಟ್ಟ ಮೇಲೆ, ನವೆಂಬರ್ ಕೊನೆಯಿಂದ ಜನವರಿವರೆಗೆ ಪ್ರಯತ್ನಿಸಿ. ಪ್ರಾಜೆಕ್ಟಿಗೆ ಒಂದು ಸಂಕ್ರಮಣ ನೀವೇ ಹಿಡಿದರೆ ಬಹಳ ಬೆಲೆ ಬರುತ್ತದೆ.

ಒಂದು ಸಂಕ್ರಮಣದಿಂದ ಮುಂದಿನದಕ್ಕೆ ಗಡಿಯಾರ 5 ಗಂಟೆ 17 ನಿಮಿಷ ಮುಂದೆ ಸರಿಯುತ್ತದೆ, ಹಾಗಾಗಿ ಬಹುಪಾಲು ಹಗಲಿಗೆ ಬೀಳುತ್ತವೆ. ಆದರೆ ಒಂಬತ್ತು ಸುತ್ತು ಅಂದರೆ 11 ದಿನಕ್ಕೆ ಅರ್ಧ ಗಂಟೆ ಕಡಿಮೆ. ಒಂದು ಒಳ್ಳೆಯ ರಾತ್ರಿ ಸಿಕ್ಕಿದರೆ 11 ದಿನ ಬಿಟ್ಟು ಅರ್ಧ ಗಂಟೆ ಮುಂಚೆ, ನಕ್ಷತ್ರ ಹೆಚ್ಚುಕಡಿಮೆ ಅದೇ ಎತ್ತರದಲ್ಲಿರುವಾಗ, ಮತ್ತೊಂದು ಸಿಗುತ್ತದೆ. ಹಿಂದೆ ಮುಂದೆ ಒಂದೊಂದು ಗಂಟೆ ಸೇರಿಸಿ ಐದು ಗಂಟೆ ಬಿಡದೆ ತೆಗೆಯಬೇಕು. ಫೋಕಸ್ ಸ್ವಲ್ಪ ಕೆಡಿಸಿ ನಕ್ಷತ್ರವನ್ನು 20-30 ಪಿಕ್ಸೆಲಿಗೆ ಹರಡಿ, 20ರಿಂದ 30 ಸೆಕೆಂಡಿನ ಚಿತ್ರ ತೆಗೆಯಿರಿ. ಕಡಿಮೆ ಹೊತ್ತಿನದಾದರೆ ಗಾಳಿಯ ಮಿನುಗುವಿಕೆಯೇ ಆಳವನ್ನು ಮುಳುಗಿಸುತ್ತದೆ. ಕೆಂಪು ಫಿಲ್ಟರ್ ಇರಲಿ: ಇದು ನೀಲಿ ಛಾಯೆಯ ಎ ವರ್ಗದ ನಕ್ಷತ್ರ, ಹೋಲಿಕೆಗೆ ಸಿಗುವವು ಕೆಂಪಾಗಿದ್ದರೆ ನಕ್ಷತ್ರ ಇಳಿಯುತ್ತಾ ಹೋದಂತೆ ಸುಳ್ಳು ಇಳಿಜಾರು ಬರುತ್ತದೆ. ಸಂಕ್ರಮಣ 12 ಮಿಲಿಮ್ಯಾಗ್ನಿಟ್ಯೂಡ್, ಅದು ಕಾಣುತ್ತದೆ. ಒಂದು ಮಿಲಿಮ್ಯಾಗ್ನಿಟ್ಯೂಡಿನ ಮಿಡಿತ ಇಲ್ಲಿಂದ ಕಾಣುವುದಿಲ್ಲ, ಅದಕ್ಕೆ ಟೆಸ್ ಡೇಟಾವೇ ಗತಿ.

ಎರಡನ್ನೂ ಒಂದೇ ಚಿತ್ರದಲ್ಲಿ ಹಾಕುವಾಗ ಸಮಯ ಸರಿಮಾಡಿ. ಟೆಸ್ ಸಮಯಕ್ಕೆ 2457000 ಕೂಡಿಸಿದರೆ ಸೌರಮಂಡಲದ ಗುರುತ್ವ ಕೇಂದ್ರದ ಜೂಲಿಯನ್ ದಿನ ಬರುತ್ತದೆ. ನಿಮ್ಮ ಕ್ಯಾಮೆರಾದ್ದು ನಮ್ಮ ಗಡಿಯಾರದ ಸಮಯ. ಐದೂವರೆ ಗಂಟೆ ಕಳೆದು 69.2 ಸೆಕೆಂಡ್ ಕೂಡಿಸಬೇಕು, ಆಮೇಲೆ ಭೂಮಿ ಕಕ್ಷೆಯ ಯಾವ ಬದಿಯಲ್ಲಿದೆ ಎನ್ನುವುದರ ಮೇಲೆ 8 ನಿಮಿಷದವರೆಗಿನ ಬೆಳಕಿನ ಪಯಣದ ತಿದ್ದುಪಡಿ. ಆಸ್ಟ್ರೋಪೈನಲ್ಲಿ ನಿಮ್ಮ ಜಾಗದ ಅಕ್ಷಾಂಶ, ರೇಖಾಂಶ ಕೊಟ್ಟರೆ ಇದನ್ನು ಅದೇ ಮಾಡಿಕೊಡುತ್ತದೆ. ಲ್ಯಾಪ್‌ಟಾಪ್ ಗಡಿಯಾರವನ್ನು ಮಾತ್ರ ಚಿತ್ರ ತೆಗೆಯಲು ಶುರುಮಾಡುವ ಮುಂಚೆ ಇಂಟರ್ನೆಟ್ ಸಮಯಕ್ಕೆ ಹೊಂದಿಸಿಕೊಳ್ಳಿ, ಬೆಟ್ಟದ ಮೇಲೆ ಸಿಗ್ನಲ್ ಇಲ್ಲದಿದ್ದರೆ ಜಿಪಿಎಸ್ ರಿಸೀವರ್ ಒಯ್ಯಿರಿ.